ಲ್ಯಾಬಿನ ಬೀಗದ ಕೈ ಯಾರ ಬಳಿ?

ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆ ಹೊರಟರೆ ಸಿಗುವ ಬ್ಯಾಟರಾಯನಪುರ (ಮೈಸೂರು ರಸ್ತೆಯದು ಬೇರೆ, ಆಟೋದವರೂ ಒಮ್ಮೆ ಕೇಳಿಯೇ ಮೀಟರ್ ಹಾಕುವುದು) 2007ರಲ್ಲಿ ಬಿಬಿಎಂಪಿಗೆ ಸೇರುವವರೆಗೆ ತನ್ನದೇ ನಗರಸಭೆಯಿದ್ದ ಊರು. ಈಗ ಒಂದು ಮಗ್ಗುಲಿಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಇನ್ನೊಂದು ಕಡೆ ತುಸು ದೂರದಲ್ಲಿ ಮಾನ್ಯತಾ ಟೆಕ್ ಪಾರ್ಕ್. ಸುತ್ತಲಿನ ಖಾಲಿ ಸೈಟುಗಳ ತಗಡಿನ ಶೆಡ್ಡುಗಳಲ್ಲಿ ಕಲಬುರಗಿ, ರಾಯಚೂರು, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು. ಹಳೆ ಕಂಪ್ಯೂಟರ್ ಹೊರಹಾಕುವವರೂ ಅದು ಬೇಕಾದವರೂ ಇಷ್ಟು ಹತ್ತಿರವಿರುವ ಜಾಗ ಕಡಿಮೆ. ದಾನದ ಕಂಪ್ಯೂಟರ್ ಎಂಬ ಪದ್ಧತಿಯನ್ನು ಒರೆಗೆ ಹಚ್ಚುವುದಿದ್ದರೆ ಇಲ್ಲೇ ಹಚ್ಚಬೇಕು.

ಪದ್ಧತಿ ಹೊಸದಲ್ಲ. ಇನ್ಫೋಸಿಸ್ ಮತ್ತು ಮೈಕ್ರೋಸಾಫ್ಟ್ ಸೇರಿ 1999ರ ಜನವರಿಯಲ್ಲೇ ‘ಕಂಪ್ಯೂಟರ್ಸ್ ಅಟ್ ಕ್ಲಾಸ್‌ರೂಮ್ಸ್’ ಯೋಜನೆ ಶುರುಮಾಡಿದ್ದವು. ಬಳಸಿದ ಯಂತ್ರ ಒಬ್ಬರದು, ಅದಕ್ಕೆ ತಂತ್ರಾಂಶ ಇನ್ನೊಬ್ಬರದು. ಸುಂಕವಿಲ್ಲದೆ ಆಮದಾದ ಯಂತ್ರಗಳನ್ನು ಆಗ ಮನಸ್ಸು ಬಂದಂತೆ ಹೊರಗೆ ಕೊಡುವಂತಿರಲಿಲ್ಲ, ಅದಕ್ಕೆ ಸರ್ಕಾರದ ಅನುಮತಿ ಬೇಕಿತ್ತು. ಅಷ್ಟು ಓಡಾಡಿ ಕೊಟ್ಟರು ಎಂಬುದು ಮೆಚ್ಚತಕ್ಕದ್ದೇ. ಆದರೆ ಆ ಕಾಲದಿಂದಲೂ ಲೆಕ್ಕ ನಿಲ್ಲುವುದು ಎಷ್ಟು ಕೊಟ್ಟೆವು ಎಂಬಲ್ಲಿಗೆ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಎತ್ತಿಡಿಸಿದ ಮೇಲಂತೂ ಬ್ಯಾನರ್, ಶಾಲು, ಫೋಟೋ ಎಲ್ಲವೂ ಹಸ್ತಾಂತರದ ದಿನಕ್ಕೇ ಮೀಸಲು.

ಆಮೇಲೆ ಏನಾಗುತ್ತದೆ? ಹತ್ತಿರದಿಂದ ನೋಡಿ. ಸಿಪಿಯು ಬೆನ್ನಿಗೆ ಹಳೆ ಕಂಪನಿಯ ಅಸೆಟ್ ನಂಬರಿನ ಚೀಟಿ ಇನ್ನೂ ಅಂಟಿಕೊಂಡಿರುತ್ತದೆ. ದತ್ತಾಂಶ ಸೋರೀತೆಂಬ ಭಯಕ್ಕೆ ಹಾರ್ಡ್ ಡಿಸ್ಕ್ ಕಿತ್ತುಕೊಂಡೇ ಕೊಡುವವರೂ ಇದ್ದಾರೆ. ಮದರ್‌ಬೋರ್ಡಿನ ಮೇಲೆ ನಾಣ್ಯದಷ್ಟಗಲದ ಒಂದು ಬ್ಯಾಟರಿ ಇರುತ್ತದೆ. ಅದು ಸತ್ತರೆ ಗಡಿಯಾರ ಹತ್ತಾರು ವರ್ಷ ಹಿಂದಕ್ಕೆ ಹೋಗುತ್ತದೆ. ದಿನಾಂಕ ತಾಳೆಯಾಗದೆ ಬ್ರೌಸರು ಯಾವ ತಾಣ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ತಡೆಯುತ್ತದೆ. ಮಕ್ಕಳಿಗೆ ಇಂಟರ್‌ನೆಟ್ ಕೆಟ್ಟಿದೆ, ಮೇಷ್ಟ್ರಿಗೆ ಕಂಪ್ಯೂಟರೇ ಕೆಟ್ಟಿದೆ. ಎಸ್.ಪಿ. ರಸ್ತೆಯಲ್ಲಿ ಆ ಬ್ಯಾಟರಿಗೆ ನೂರು ರೂಪಾಯಿಯೂ ಇಲ್ಲ. ಅದನ್ನು ಹಾಕಬೇಕೆಂದು ಗೊತ್ತಿರುವ ಒಬ್ಬ ಮನುಷ್ಯನಿಗೆ ಮಾತ್ರ ಯಾವ ಒಡಂಬಡಿಕೆಯಲ್ಲೂ ಸಂಬಳ ಬರೆದಿರುವುದಿಲ್ಲ.

ಇನ್ನು ಕನ್ನಡದ ಮಾತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವಿದೆ, ‘ನುಡಿ’ ತಂತ್ರಾಂಶವಿದೆ, ಎಲ್ಲವೂ ಬಿಟ್ಟಿ. ಎಫ್ ಕೀಲಿ ಒತ್ತಿ ಒತ್ತಕ್ಷರ ಮೂಡಿಸುವುದು ಐದನೇ ಕ್ಲಾಸಿನ ಹುಡುಗಿಗೆ ಒಂದು ಮಧ್ಯಾಹ್ನದ ಕೆಲಸ. ಆದರೂ ದಾನದ ಯಂತ್ರ ಇಂಗ್ಲಿಷಿನಲ್ಲೇ ಬರುತ್ತದೆ, ಇಂಗ್ಲಿಷಿನಲ್ಲೇ ಸಾಯುತ್ತದೆ.

ಸರ್ಕಾರ ಮಾಡಿದರೆ ಸರಿಹೋದೀತು ಎನ್ನುವವರು ‘ಮಾಹಿತಿ ಸಿಂಧು’ವನ್ನು ನೆನೆಯಬೇಕು. 2000ದ ದಶಕದ ಆರಂಭದಲ್ಲಿ ರಾಜ್ಯದ ಸಾವಿರ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು. ಕಲಿಸುವವರು ಮಾತ್ರ ಖಾಸಗಿ ಸಂಸ್ಥೆಗಳು ಗುತ್ತಿಗೆಗೆ ತಂದವರು. ಗಣಿತದ ಮೇಷ್ಟ್ರು, ವಿಜ್ಞಾನದ ಮೇಡಮ್ಮು ಲ್ಯಾಬಿನ ಬಾಗಿಲಲ್ಲೇ ಉಳಿದರು. ಅದೇ ಹೊತ್ತಿಗೆ ಕೇರಳ ‘ಐಟಿ ಅಟ್ ಸ್ಕೂಲ್’ ಯೋಜನೆಯಲ್ಲಿ ಶಾಲೆಯ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟು, ಮುಂದೆ ಮುಕ್ತ ತಂತ್ರಾಂಶಕ್ಕೆ ಹೊರಳಿತು. ಎರಡನ್ನೂ ಹೋಲಿಸಿ ಬೆಂಗಳೂರಿನದೇ ಸಂಸ್ಥೆ ಐಟಿ ಫಾರ್ ಚೇಂಜ್ ನಡೆಸಿದ ಅಧ್ಯಯನ, ಹೊರಗುತ್ತಿಗೆಗಿಂತ ಶಾಲೆಯೊಳಗೇ ಬೇರೂರಿದ ಕೇರಳದ ದಾರಿಯೇ ಮೇಲೆಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಈಗ ಐಸಿಟಿಯನ್ನು ಕನ್ನಡದ ಪಠ್ಯಪುಸ್ತಕದಲ್ಲೇ ಓದುತ್ತಾರೆ. ಗಡಿಯಾಚೆ ಆದದ್ದು ವಿಧಾನಸೌಧದಿಂದ ಗಾವುದ ದೂರದ ಬ್ಯಾಟರಾಯನಪುರಕ್ಕೆ ಏಕೆ ಬೇಡವಾಯಿತೋ!

ಮನೆಯಲ್ಲೇ ಕಲಿಯಲಿ ಎನ್ನುವಂತೆಯೂ ಇಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ನಗರದ ಮನೆಗಳಲ್ಲೇ ಕಂಪ್ಯೂಟರ್ ಇದ್ದದ್ದು ಶೇ 23.4ರಲ್ಲಿ. ಹಳ್ಳಿಗಳಲ್ಲಿ ಶೇ 4.4. ಮೊಬೈಲ್ ಇದೆಯಲ್ಲ ಎಂಬ ಉತ್ತರ ನನಗೆ ಒಪ್ಪಿಗೆಯಿಲ್ಲ. ಕೋವಿಡ್‌ಗೆ ಶಾಲೆ ಮುಚ್ಚಿದ್ದ 2020ರಲ್ಲಿ ಸರ್ಕಾರ ನಡೆಸಿದ ‘ವಿದ್ಯಾಗಮ’ದಲ್ಲಿ ಸ್ಮಾರ್ಟ್‌ಫೋನ್ ಉಳ್ಳವರು, ಬರೀ ಸಾದಾ ಫೋನಿನವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಗುಂಪು ಮಾಡಬೇಕಾಗಿ ಬಂದದ್ದನ್ನು ನೋಡಿದ್ದೇವೆ. ಅಪ್ಪನ ಜೊತೆ ಸೈಟಿಗೆ ಹೋಗುವ ಫೋನು ರಾತ್ರಿ ಮನೆಗೆ ಬಂದಾಗ ಚಾರ್ಜೂ ಇರುವುದಿಲ್ಲ, ಡೇಟಾವೂ ಇರುವುದಿಲ್ಲ.

ಈಗ ಇನ್ನೊಂದು ದೊಡ್ಡ ರಾಶಿ ಬರುವುದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ರ ಷರತ್ತಿಗೆ ಒಗ್ಗದ, ಉಳಿದಂತೆ ಗಟ್ಟಿಮುಟ್ಟಾದ ಯಂತ್ರಗಳು ಆಫೀಸುಗಳಿಂದ ಇಳಿಯುತ್ತವೆ. ಲಿನಕ್ಸ್ ಹಾಕಿದರೆ ಅವು ಇನ್ನೂ ಕೆಲವು ವರ್ಷ ದುಡಿಯುತ್ತವೆ. ಹೆಡ್‌ಮಾಸ್ತರು ಶಾಲು ಹೊದೆಯುವ ಮೊದಲು ಕೇಳಬೇಕಾದದ್ದಿಷ್ಟು: ರಿಪೇರಿಗೆ ಮೂರು ವರ್ಷದ ದುಡ್ಡು, ಸಂಜೆ ಆರರವರೆಗೆ ಬಾಗಿಲು ತೆರೆದಿಡುವ ಒಬ್ಬರಿಗೆ ಸಂಬಳ, ಕೊನೆಗೆ ಕೆಟ್ಟ ಯಂತ್ರವನ್ನು ಇ-ತ್ಯಾಜ್ಯದವರಿಗೆ ಒಪ್ಪಿಸುವ ಹೊಣೆ ಕೊಟ್ಟವರದೇ ಎಂಬ ಬರಹ. ಇವನ್ನು ಬರೆದುಕೊಡದವರ ಯಂತ್ರ ಬಿಟ್ಟಿ ಬಂದರೂ ಬೇಡ ಎನ್ನಬಹುದು.