ಕಂಬದಿಂದ ಕೋಣೆಯವರೆಗೆ

ಹೈದರಾಬಾದಿನ ಬೇಗಂ ಬಜಾರ್ ಬೀದರ್, ಕಲಬುರಗಿ ಕಡೆಯ ವ್ಯಾಪಾರಿಗಳಿಗೆ ಹೊಸ ಜಾಗವೇನಲ್ಲ. ಸ್ಟೀಲು, ಹಿತ್ತಾಳೆ ಪಾತ್ರೆ, ಒಣಹಣ್ಣು, ಮಸಾಲೆ ಸಾಮಾನು ಸಗಟು ದರದಲ್ಲಿ ಬೇಕೆಂದವರು ಗೌಳಿಗುಡದ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಿಬಿಡುತ್ತಾರೆ. ಹೋದವರ ಕಣ್ಣು ಸರಕಿನ ಮೇಲಿರುತ್ತದೆ, ಅದು ಸಹಜ. ಇಂಟರ್ನೆಟ್ಟಿನ ರುಚಿ ಹತ್ತಿದವರು ಮಾತ್ರ ಅಲ್ಲಿ ಒಮ್ಮೆ ತಲೆಯೆತ್ತಿ ನೋಡಬೇಕು. ಒಂದೊಂದು ಕರೆಂಟು ಕಂಬಕ್ಕೂ ಹತ್ತಾರು ಕರಿ ತಂತಿಗಳು, ಸುರುಳಿ ಸುತ್ತಿ ನೇತುಹಾಕಿದ ಹೆಚ್ಚುವರಿ ಕೇಬಲ್ಲು, ಯಾರದೆಂದು ಗೊತ್ತಿಲ್ಲದ ಪ್ಲಾಸ್ಟಿಕ್ ಡಬ್ಬಿಗಳು. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಇಲ್ಲಿನ ಗಲ್ಲಿಗಳಲ್ಲಿ ಬ್ರಾಡ್‌ಬ್ಯಾಂಡ್ ಆರಿಸುವವರು ಎಲ್ಲ ಕಡೆಯವರ ಹಾಗೆ ‘ಸ್ಪೀಡ್ ಎಷ್ಟು, ತಿಂಗಳಿಗೆ ಎಷ್ಟು’ ಎಂದೇ ವಿಚಾರಿಸುತ್ತಾರೆ. ನನ್ನ ಪ್ರಕಾರ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದದ್ದು ಆ ತಂತಿ ಕಂಬದಿಂದ ಕೋಣೆಗೆ ಹೇಗೆ ಬರುತ್ತದೆ, ಕಿತ್ತುಹೋದ ದಿನ ಕಂಬ ಹತ್ತುವವರು ಯಾರು ಎಂದು.

ವೇಗಕ್ಕೆ ಈ ಊರಿನಲ್ಲಿ ಬರವಿಲ್ಲ. ಬೆಂಗಳೂರಿನ ಆಕ್ಟ್ ಫೈಬರ್‌ನೆಟ್ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಸೇವೆಯನ್ನು 2017ರ ಮಾರ್ಚಿನಲ್ಲಿ ಶುರುಮಾಡಿದ್ದು ಹೈದರಾಬಾದಿನಲ್ಲೇ. ಆಗ ಅದಕ್ಕೆ ತಿಂಗಳಿಗೆ 5,999 ರೂಪಾಯಿ. ಮೂರು ವರ್ಷ ಕಳೆದು 2020ರಲ್ಲಿ ಜಿಯೋ 399 ರೂಪಾಯಿಗೆ 30 ಎಂಬಿಪಿಎಸ್ ಕೊಡತೊಡಗಿತು. ಈಗ ನೂರು ಎಂಬಿಪಿಎಸ್ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಮನೆಯಲ್ಲಿ ಖರ್ಚಾಗುವುದೆಷ್ಟು? ನೆಟ್‌ಫ್ಲಿಕ್ಸ್ ಕಂಪನಿಯೇ ಹೇಳುವಂತೆ 4ಕೆ ಸಿನಿಮಾಕ್ಕೆ 15 ಎಂಬಿಪಿಎಸ್, ಮಾಮೂಲಿ ಎಚ್‌ಡಿಗೆ 5 ಸಾಕು. ಇಬ್ಬರು ಸಿನಿಮಾ ನೋಡುತ್ತ, ಒಬ್ಬರು ವಿಡಿಯೊ ಕರೆಯಲ್ಲಿದ್ದು, ಕೆಳಗಿನ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರು ಓಡುತ್ತಿದ್ದರೂ ಐವತ್ತು ದಾಟುವುದು ಕಷ್ಟ. ಸರ್ಕಾರದ ಲೆಕ್ಕವಂತೂ ಕೇಳುವುದೇ ಬೇಡ, ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು ಅದು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದ್ದು 2023ರ ಜನವರಿಯಲ್ಲಿ. ‘ಒಂದೇ ಲೈನನ್ನು ಬೀದಿಯವರೆಲ್ಲ ಹಂಚಿಕೊಳ್ಳುತ್ತಾರಲ್ಲ, ರಾತ್ರಿ ಹೊತ್ತು ಜಗ್ಗುವುದಿಲ್ಲವೇ’ ಎನ್ನುವವರಿಗೂ ಉತ್ತರವಿದೆ. ಮನೆಮನೆಗೆ ಬರುವ ಫೈಬರ್ ಬಹುಪಾಲು ಜಿಪಾನ್ ಪದ್ಧತಿಯದು. ಅದರಲ್ಲಿ ಒಂದು ಎಳೆಯ ಮೇಲೆ ಸುಮಾರು 2,488 ಎಂಬಿಪಿಎಸ್ ಇಳಿದುಬರುತ್ತದೆ, ಸಾಮಾನ್ಯವಾಗಿ 32 ಮನೆ ಅದನ್ನು ಹಂಚಿಕೊಳ್ಳುತ್ತವೆ. ಎಲ್ಲರೂ ಒಟ್ಟಿಗೇ ಪೂರ್ತಿ ಎಳೆದರೂ ಪ್ರತಿ ಮನೆಗೆ ಎಪ್ಪತ್ತರ ಮೇಲೆ ಸಿಗುತ್ತದೆ. ಹಾಗಾಗಿ ಬೀದಿಯ ಮಟ್ಟದಲ್ಲಿ ವೇಗಕ್ಕಾಗಿ ಕಾದಾಡುವ ಪರಿಸ್ಥಿತಿ ಬರುವುದೇ ಅಪರೂಪ. ದಿನವೂ ದೊಡ್ಡ ವಿಡಿಯೊ ಫೈಲುಗಳನ್ನು ಕಳಿಸುವವರ ಕಥೆ ಬೇರೆ. ಅವರು ಅಪ್‌ಲೋಡ್ ವೇಗವನ್ನು ಪ್ರತ್ಯೇಕವಾಗಿ ಕೇಳಿ ತಿಳಿದುಕೊಳ್ಳಲಿ.

ಬರ ಇರುವುದು ತಂತಿ ಸುರಕ್ಷಿತವಾಗಿ ಬರುವ ದಾರಿಗೆ. ತೆಲಂಗಾಣದ ಹಳ್ಳಿಗಳಿಗೆಂದು ಹಾಕಿದ ಟಿ-ಫೈಬರ್ ಜಾಲ ಮಿಷನ್ ಭಗೀರಥದ ಕುಡಿಯುವ ನೀರಿನ ಕೊಳವೆಗಳ ಜೊತೆಗೇ ನೆಲದಡಿ ಸಾಗುತ್ತದೆ. ರಾಜಧಾನಿಯ ನಟ್ಟನಡುವಿನ ಸಗಟು ಪೇಟೆಯಲ್ಲಿ ಫೈಬರ್ ಕಂಬದ ಮೇಲೆ ನೇತಾಡುತ್ತದೆ. ನಿಜಾಮ್ ಅಲಿ ಖಾನರ ಪತ್ನಿ ಹುಮ್ದಾ ಬೇಗಂ ವ್ಯಾಪಾರಿಗಳಿಗೆ ಬಿಟ್ಟುಕೊಟ್ಟ ಜಾಗ ಎನ್ನುತ್ತಾರೆ ಇದನ್ನು. ಅಷ್ಟು ಹಳೆಯ ಪೇಟೆಯ, ಕೈಗಾಡಿಯೂ ಆಟೊವೂ ಎದುರಾದರೆ ಒಂದು ಹಿಂದೆ ಸರಿಯಬೇಕಾದ ಗಲ್ಲಿಗಳಲ್ಲಿ ನೆಲ ಅಗೆದು ಪೈಪು ಹೂಳುವುದು ಹೇಳಿದಷ್ಟು ಸುಲಭವಲ್ಲ. ಇನ್ನು ಮೆರವಣಿಗೆಗಳು. ಸೀತಾರಾಂಬಾಗ್‌ನಿಂದ ಹೊರಡುವ ರಾಮನವಮಿಯ ಶೋಭಾಯಾತ್ರೆ ಈ ಪೇಟೆಯ ಮೂಲಕವೇ ಸಾಗುತ್ತದೆ. ಗಣಪತಿ ಮೂರ್ತಿಗಳಿಗೆ ಹೆಸರಾದ ಧೂಲ್‌ಪೇಟೆ ಪಕ್ಕದಲ್ಲೇ ಇದೆ. ಆಳೆತ್ತರ ಮೀರಿದ ಗಣಪತಿ ಲಾರಿಯ ಮೇಲೆ ಬರುವಾಗ ಮುಂದೆ ಒಬ್ಬ ಕೋಲು ಹಿಡಿದು ತಂತಿ ಎತ್ತುತ್ತ ನಡೆಯುತ್ತಾನೆ. ಎತ್ತಲಾಗದ ತಂತಿ ಹರಿಯುತ್ತದೆ. ಇದನ್ನು ತಮಾಷೆಯಾಗಿ ಹೇಳುವ ಹಾಗೂ ಇಲ್ಲ. 2025ರ ಆಗಸ್ಟಿನಲ್ಲಿ ರಾಮಂತಾಪುರದ ಕೃಷ್ಣಾಷ್ಟಮಿ ಮೆರವಣಿಗೆಯ ರಥಕ್ಕೆ ವಿದ್ಯುತ್ ತಗುಲಿ ಐದು ಜನ ಸತ್ತರು. ಬೆನ್ನಿಗೇ ವಿದ್ಯುತ್ ವಿತರಣಾ ಕಂಪನಿ ಕಂಬಗಳ ಮೇಲಿನ ಕೇಬಲ್ಲುಗಳನ್ನು ಕತ್ತರಿಸತೊಡಗಿತು, ನಗರದ ಎಷ್ಟೋ ಮನೆಗಳಲ್ಲಿ ಇಂಟರ್ನೆಟ್ ನಿಂತುಹೋಯಿತು, ಏರ್‌ಟೆಲ್ ಹೈಕೋರ್ಟಿನ ಮೆಟ್ಟಿಲೇರಿತು. ಜೀವ ಮುಖ್ಯ, ತಂತಿ ಆಮೇಲೆ, ಅದರಲ್ಲಿ ಎರಡು ಮಾತಿಲ್ಲ. ಕೊಳ್ಳುವವರಿಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: 40 ಎಂಬಿಪಿಎಸ್‌ನ ಗಿರಾಕಿಯೂ 1,000 ಎಂಬಿಪಿಎಸ್‌ನ ಗಿರಾಕಿಯೂ ಆ ವಾರ ಒಂದೇ ಸ್ಥಿತಿಯಲ್ಲಿದ್ದರು. ಕಂಬಕ್ಕೆ ಬಾಡಿಗೆ ಕಟ್ಟಿ, ಅನುಮತಿ ಪಡೆದು, ತಂತಿಗೆ ಹೆಸರುಚೀಟಿ ಹಾಕಿದ ಕಂಪನಿಗೂ ರಾತ್ರೋರಾತ್ರಿ ಎಳೆದುಹೋದವರಿಗೂ ಇರುವ ವ್ಯತ್ಯಾಸ ದರಪಟ್ಟಿಯಲ್ಲಿ ಕಾಣುವುದಿಲ್ಲ, ಕಂಬದ ಬುಡದಲ್ಲಿ ನಿಂತು ನೋಡಿದರೆ ಕಾಣುತ್ತದೆ.

ತಂತಿಯ ಜಾತಿಯನ್ನೂ ನೋಡಬೇಕು. ಕೆಲವು ಕಂಪನಿಗಳು ಕಟ್ಟಡದವರೆಗೆ ಮಾತ್ರ ಫೈಬರ್ ತಂದು, ಅಲ್ಲೊಂದು ಸ್ವಿಚ್ ಡಬ್ಬಿ ಇಟ್ಟು, ಅಲ್ಲಿಂದ ಮನೆಗೆ ತಾಮ್ರದ ಲ್ಯಾನ್ ಕೇಬಲ್ ಎಳೆಯುತ್ತವೆ. ಮೋಡೆಮ್ ಬೇಡ, ಕೇಬಲ್ಲನ್ನು ನೇರ ರೌಟರಿಗೆ ಚುಚ್ಚಿದರಾಯಿತು, ವೇಗವೂ ಚೆನ್ನಾಗಿರುತ್ತದೆ. ಆದರೆ ಆ ಸ್ವಿಚ್ಚಿಗೆ ಕರೆಂಟು ಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೂ ಮೆಟ್ಟಿಲ ಕೆಳಗಿನ ಡಬ್ಬಿ ಆರಿದರೆ ಇಂಟರ್ನೆಟ್ಟೂ ಆರುತ್ತದೆ. ನೂರು ಮೀಟರು ದಾಟಿದರೆ ಲ್ಯಾನ್ ಕೇಬಲ್ ಕೈಕೊಡುತ್ತದೆ, ಗುಡುಗು ಸಿಡಿಲಿನ ದಿನ ತಾಮ್ರದ ಗುಂಟ ಬಂದ ವಿದ್ಯುತ್ತು ರೌಟರಿನ ಪೋರ್ಟನ್ನು ಸುಡಬಹುದು. ಗಾಜಿನ ಎಳೆಗೆ ಈ ಕಾಟವಿಲ್ಲ. ಜಿಪಾನ್ ಪದ್ಧತಿಯಲ್ಲಿ ಕಂಪನಿಯ ಕೇಂದ್ರಕ್ಕೂ ನಿಮ್ಮ ಗೋಡೆಗೂ ನಡುವೆ ಕರೆಂಟು ಬೇಡುವ ಯಂತ್ರವೇ ಇರುವುದಿಲ್ಲ, ಬೆಳಕನ್ನು ಕವಲೊಡೆಯುವ ಸ್ಪ್ಲಿಟರ್ ಮಾತ್ರ. ಮನೆಯ ಮೋಡೆಮ್ಮಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಕೊಟ್ಟರೆ ಕರೆಂಟು ಹೋದರೂ ಕೆಲಸ ನಿಲ್ಲದು. ಗಾಜಿಗೂ ತನ್ನದೇ ನಾಜೂಕಿದೆ. ಕೇಂದ್ರದಿಂದ ಮನೆಗೆ ಬರುವ ಹೊತ್ತಿಗೆ ಬೆಳಕು ಹೆಚ್ಚೆಂದರೆ 28 ಡೆಸಿಬಲ್ ಕಳೆದುಕೊಳ್ಳಬಹುದು. 32 ಕವಲಿನ ಸ್ಪ್ಲಿಟರೇ ಅದರಲ್ಲಿ ಸುಮಾರು 17 ನುಂಗುತ್ತದೆ. ಉಳಿದದ್ದರಲ್ಲಿ ದೂರ, ಜೋಡಣೆ, ಬಾಗುವಿಕೆ ಎಲ್ಲ ಮುಗಿಯಬೇಕು. ಕಿಟಕಿಯ ಚೌಕಟ್ಟಿಗೆ ಮೊಳೆ ಹೊಡೆದು ತಂತಿಯನ್ನು ಚೂಪಾಗಿ ಮಡಚಿದರೆ, ಹಸಿರು ತುದಿಯ ಕನೆಕ್ಟರನ್ನು ನೀಲಿ ತುದಿಯದಕ್ಕೆ ತುರುಕಿದರೆ ಆ ಉಳಿತಾಯ ಕರಗುತ್ತದೆ. ಆದ್ದರಿಂದ ಲೈನ್ ಕೊಡಲು ಬಂದ ಹುಡುಗನಿಗೆ ಸ್ಪೀಡ್ ಟೆಸ್ಟ್ ತೋರಿಸು ಎನ್ನಬೇಡಿ, ‘ಪವರ್ ಎಷ್ಟು ಬರ್ತಿದೆ’ ಎಂದು ಕೇಳಿ. ಮೀಟರಿನಲ್ಲಿ ಮೈನಸ್ 18, 20 ಎಂದು ಬಂದರೆ ನಿಶ್ಚಿಂತೆ. ಮೈನಸ್ 26 ಎಂದು ಬಂದರೆ ಇವತ್ತು ನಡೆಯುತ್ತದೆ, ಮುಂದಿನ ಮಳೆಗೆ ಮೋಡೆಮ್ಮಿನ ಕೆಂಪು ದೀಪ ಮಿನುಗುತ್ತದೆ. ಅಂಕಿಯ ಫೋಟೊ ತೆಗೆದಿಟ್ಟುಕೊಂಡರೆ ನಾಳೆ ದೂರು ಕೊಡುವಾಗ ವಾದಕ್ಕೆ ಜಾಗವಿರದು.

ದೊಡ್ಡ ಹೆಸರಿನ ಕಂಪನಿ ಹಿಡಿದರೆ ಇದೆಲ್ಲ ಅವರ ತಲೆನೋವಲ್ಲವೇ ಎಂದು ಕೇಳುವವರಿದ್ದಾರೆ. ಅರ್ಧ ನಿಜ. ದೊಡ್ಡ ಕಂಪನಿಗೆ ನಗರದಿಂದ ನಗರಕ್ಕೆ ಎರಡು ಮೂರು ದಾರಿ ಇರುತ್ತವೆ, ಒಂದು ಹರಿದರೆ ಇನ್ನೊಂದು ಹಿಡಿಯುತ್ತದೆ. ಗಲ್ಲಿಯೊಳಗೆ ಮಾತ್ರ ಇರುವುದು ಒಂದೇ ದಾರಿ, ಅಲ್ಲಿ ಕೆಲಸ ಮಾಡುವುದು ಬಹಳ ಸಲ ಗುತ್ತಿಗೆಯವರು. ಬಿಎಸ್‌ಎನ್‌ಎಲ್ ಕೂಡ ಫೈಬರ್ ಸಂಪರ್ಕಗಳನ್ನು ಸ್ಥಳೀಯ ಪಾಲುದಾರರ ಮೂಲಕ ಕೊಡುತ್ತದೆ. ಅವರಲ್ಲಿ ಅನೇಕರು ಹಳೆಯ ಕೇಬಲ್ ಟಿವಿಯವರೇ. ಕೇಬಲ್ಲಿನವನು ಮೊಹಲ್ಲಾದವನೇ ಆಗಿದ್ದರೆ ಫೋನು ಎತ್ತುತ್ತಾನೆ, ಎತ್ತದಿದ್ದರೆ ಮನೆಗೇ ಹೋಗಿ ಕರೆಯಬಹುದು. ಕಂಪನಿಯ ಆ್ಯಪ್‌ನಲ್ಲಿ ದೂರಿನ ನಂಬರು ಸಿಗುತ್ತದೆ, ಏಣಿ ಸಿಗುವುದಿಲ್ಲ. ಹಾಗೆಂದು ಸ್ಥಳೀಯನನ್ನು ಕಣ್ಣುಮುಚ್ಚಿ ನಂಬಬೇಕೆಂದೂ ಅಲ್ಲ: ರಸೀದಿ ಕೊಡದವನು, ಶೇಕಡ 18 ಜಿಎಸ್‌ಟಿ ಬೇಡ ನಗದು ಕೊಡಿ ಎನ್ನುವವನು ಅನುಮತಿಯಿಲ್ಲದ ತಂತಿಯವನೇ ಇದ್ದಾನು. ನೋಡಬೇಕಾದ್ದು ಒಂದೇ, ಅದೇ ಕಂಬದಿಂದ ಲೈನು ಪಡೆದಿರುವ ನೆರೆಯವರ ಅನುಭವ. ಎರಡು ಗಲ್ಲಿ ಆಚೆಯ ಗೆಳೆಯರ ಹೊಗಳಿಕೆಗೆ, ಬಂಜಾರಾ ಹಿಲ್ಸ್‌ನ ನೆಂಟರ ಶಿಫಾರಸಿಗೆ ಇಲ್ಲಿ ಕಿಮ್ಮತ್ತಿಲ್ಲ.

ತಂತಿಯ ರಗಳೆಯೇ ಬೇಡ, ಗಾಳಿಯಲ್ಲಿ ಬರಲಿ ಎನ್ನುವ ವಾದಕ್ಕೆ ಹೆಚ್ಚು ತೂಕವಿದೆ. ಜಿಯೋ ಏರ್‌ಫೈಬರ್ 2023ರ ಸೆಪ್ಟೆಂಬರಿನಲ್ಲಿ ಶುರುವಾದ ಎಂಟು ನಗರಗಳಲ್ಲಿ ಹೈದರಾಬಾದೂ ಒಂದು. ತಾರಸಿಯ ಮೇಲೊಂದು ಡಬ್ಬಿ, ಅಲ್ಲಿಂದ ಕೋಣೆಗೆ ಕೇಬಲ್ಲು. ಮೆರವಣಿಗೆ ಬರಲಿ ಹೋಗಲಿ, ಕತ್ತರಿಸಲು ಬೀದಿಯಲ್ಲಿ ಏನೂ ಇಲ್ಲ. ತಾರಸಿ ನಿಮ್ಮದಾಗಿದ್ದು, ಟವರು ಅಡ್ಡಿಯಿಲ್ಲದೆ ಕಾಣುವಂತಿದ್ದರೆ ಇದು ಒಳ್ಳೆಯದೇ. ಆದರೆ ಅದೇ ಟವರಿನಿಂದ ಹಗಲಿಡೀ ಸಾವಿರಾರು ಗಿರಾಕಿಗಳ ಫೋನುಗಳೂ ಉಣ್ಣುತ್ತಿರುತ್ತವೆ. ಫೈಬರಿನಲ್ಲಿ 32 ಮನೆಯ ಪಂಕ್ತಿ ಎಂದೆನಲ್ಲ, ಇಲ್ಲಿ ಪಂಕ್ತಿ ಎಷ್ಟುದ್ದ ಎಂದು ಯಾರೂ ಹೇಳುವುದಿಲ್ಲ. ಹಬ್ಬದ ಜನಜಂಗುಳಿಯ ದಿನ, ತಂತಿ ಹರಿಯುವ ಅದೇ ದಿನ, ಟವರಿನ ಮೇಲೂ ಹೊರೆ ಏರುತ್ತದೆ. ಆದ್ದರಿಂದ ಇದನ್ನು ಮುಖ್ಯ ಸಂಪರ್ಕವಾಗಿ ನಾನು ಹೇಳಲಾರೆ. ಫೈಬರ್ ಇದ್ದು, ಬಿದ್ದಾಗ ಎತ್ತಿಕೊಳ್ಳಲು ಫೋನಿನ ಹಾಟ್‌ಸ್ಪಾಟ್ ಇದ್ದರೆ ಹೆಚ್ಚಿನ ಮನೆಗಳಿಗೆ ಸಾಕು.

ತಂತಿ ಒಳಗೆ ಬಂದಮೇಲೆ ರೌಟರಿನ ಸರದಿ. ಇಲ್ಲೂ ಜನ ಅಂಟೆನಾ ಎಣಿಸುತ್ತಾರೆ. ಆರು ಕೋಡಿನ ರೌಟರು ಎಷ್ಟೇ ಜೋರಾಗಿ ಕೂಗಿದರೂ ನಿಮ್ಮ ಫೋನು ಸಣ್ಣ ದನಿಯಲ್ಲೇ ಉತ್ತರ ಕೊಡಬೇಕು, ಆ ಉತ್ತರ ವಾಪಸು ಮುಟ್ಟದಿದ್ದರೆ ಸಿಗ್ನಲ್ ಕಡ್ಡಿ ತುಂಬಿದ್ದರೂ ಪ್ರಯೋಜನವಿಲ್ಲ. ಬೇಗಂ ಬಜಾರಿನ ಹಳೆಯ ಮನೆಗಳ ಗಚ್ಚುಗಾರೆಯ ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್ ಅಲೆ ಒಂದನ್ನು ದಾಟೀತು, ಎರಡನ್ನು ದಾಟುವುದು ಅನುಮಾನ. ಇಲ್ಲಿಗೇ ವಿಶೇಷವಾದ ಇನ್ನೊಂದು ತೊಡಕು ಪಾತ್ರೆ ಗೋದಾಮು. ನೆಲದಿಂದ ಸೂರಿನವರೆಗೆ ಒಂದರೊಳಗೊಂದು ಕೂಡಿಸಿಟ್ಟ ಸ್ಟೀಲಿನ ಡಬರಿ, ಹಿತ್ತಾಳೆಯ ಹಂಡೆ, ಅಲ್ಯುಮಿನಿಯಂ ಪಾತೇಲಿಗಳ ರಾಶಿ ರೇಡಿಯೊ ಅಲೆಗೆ ಲೋಹದ ಗೋಡೆಯೇ ಸರಿ. ಲೋಹದಿಂದ ಅಲೆ ಪ್ರತಿಫಲಿಸುತ್ತದೆ, ಒಳಹೊಕ್ಕು ಆಚೆ ಬರುವುದಿಲ್ಲ. ಮದುವೆ ಸೀಸನ್ನಿಗೆ ಸರಕು ಬಂದಿಳಿದಾಗ ಮೇಲಿನ ಮನೆಯ ಮೂಲೆಯಲ್ಲಿ ವೈಫೈ ಸತ್ತು, ಸರಕು ಖಾಲಿಯಾದಾಗ ಬದುಕಿತೆಂದರೆ ಕಂಪನಿಯನ್ನು ಬೈದು ಫಲವಿಲ್ಲ. 2.4 ಗಿಗಾಹರ್ಟ್ಸ್ ಗೋಡೆಯನ್ನು ಹೆಚ್ಚು ಸಲೀಸಾಗಿ ದಾಟುತ್ತದೆ ನಿಜ. ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ, 1, 6, 11. ಗೋಡೆಗೆ ಗೋಡೆ ತಾಗಿದ ಪೇಟೆಯಲ್ಲಿ ಆ ಮೂರಕ್ಕೆ ಅಕ್ಕಪಕ್ಕದ ಅಂಗಡಿಗಳೆಲ್ಲ ಮುಗಿಬಿದ್ದಿರುತ್ತವೆ.

ಆದ್ದರಿಂದ ವೈಫೈ 7 ಎಂಬ ಮುದ್ರೆಯ ದುಬಾರಿ ರೌಟರಿಗೆ ಸುರಿಯುವ ಹಣದಲ್ಲಿ ಒಂದು ಭಾಗವನ್ನು ಲ್ಯಾನ್ ಕೇಬಲ್ಲಿಗೆ ಹಾಕುವುದು ಜಾಣತನ. ಮುಂದೆ ಬೇಕಾದೀತೆಂದು ಈಗಲೇ ಕೊಂಡಿಡುತ್ತೇನೆ ಎನ್ನುವವರು ಒಂದನ್ನು ಗಮನಿಸಲಿ: ರೌಟರಿನ ದರ ವರ್ಷ ಕಳೆದಂತೆ ಇಳಿಯುತ್ತದೆ, ಗೋಡೆಯ ದಪ್ಪ ಇಳಿಯುವುದಿಲ್ಲ. ಕಂಪನಿ ಕೊಟ್ಟ ಡಬ್ಬಿಯನ್ನು ಬರೀ ಮೋಡೆಮ್ ಆಗಿ ಬಾಗಿಲ ಹತ್ತಿರ ಬಿಟ್ಟು ಅದರ ವೈಫೈ ಆಫ್ ಮಾಡಿ. ಅಲ್ಲಿಂದ ಕ್ಯಾಟ್ 6 ಕೇಬಲ್ ಎಳೆದು ಜನ ಕೂರುವ ಕೋಣೆಯಲ್ಲಿ ಸಾಧಾರಣ ವೈಫೈ 6 ರೌಟರು, ಅಗತ್ಯವಿದ್ದರೆ ಹಿಂದಿನ ಕೋಣೆಗೊಂದು ಆ್ಯಕ್ಸೆಸ್ ಪಾಯಿಂಟ್ ಇಡಿ. ಕೇಬಲ್ಲಿಗೂ ಕ್ಲಿಪ್ಪಿಗೂ ದೂರ ಹೋಗಬೇಕಿಲ್ಲ, ಕೋಠಿಯ ಗುಜರಾತಿ ಗಲ್ಲಿ ಹತ್ತಿರದಲ್ಲೇ ಇದೆ. ಕೊಳ್ಳುವಾಗ ಅಪ್ಪಟ ತಾಮ್ರದ್ದೇ ಕೇಳಿ. ಅಲ್ಯುಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಮಾಲೂ ಪೇಟೆಯಲ್ಲಿ ಧಾರಾಳ, ತುದಿ ಕೆರೆದರೆ ಬೆಳ್ಳಗೆ ಕಾಣುತ್ತದೆ.

ಕೊನೆಗೆ ಹಣದ ಮಾತು. ವರ್ಷದ್ದು ಒಟ್ಟಿಗೆ ಕಟ್ಟಿದರೆ ಒಂದೆರಡು ತಿಂಗಳು ಪುಕ್ಕಟೆ ಎಂಬ ಕೊಡುಗೆ ಎಲ್ಲ ಕಡೆ ಇರುತ್ತದೆ. ತಂತಿ ನೆಲದಡಿ ಬರುವ ಅಪಾರ್ಟ್‌ಮೆಂಟಿನವರು ಧಾರಾಳವಾಗಿ ಕಟ್ಟಲಿ. ಕಂಬದ ಮೇಲಿನ ತಂತಿಯವರು ಒಂದು ಗಣೇಶ ವಿಸರ್ಜನೆ ಕಳೆಯುವವರೆಗಾದರೂ ತಿಂಗಳು ತಿಂಗಳು ಕಟ್ಟುವುದು ಲೇಸು. ಮುಂಗಡ ಕೈಸೇರಿದ ಕಂಪನಿಗೆ ಏಣಿ ಹೊತ್ತು ಬರುವ ಅವಸರ ಇರುವುದಿಲ್ಲ. ಬಿಡುವಾಗ ಮೋಡೆಮನ್ನು ಅದರ ಅಡಾಪ್ಟರ್ ಸಮೇತ ವಾಪಸು ಕೊಟ್ಟು, ಸೀರಿಯಲ್ ನಂಬರು ಬರೆದ ರಸೀದಿ ತೆಗೆದುಕೊಂಡ ಮೇಲೆಯೇ ಠೇವಣಿಯ ವಿಷಯ ಎತ್ತಿ.