ಚಿನ್ನದ ಗೋಪುರ, ಬಣ್ಣದ ಚುಕ್ಕೆ

ಹಳೆಯ ಬ್ರಿಟಿಷ್ ಹಾಸ್ಯಚಿತ್ರಗಳ ಪೋಸ್ಟರುಗಳನ್ನು ಪಾಪ್ ಆರ್ಟ್ ಶೈಲಿಗೆ ಇಳಿಸಿದ ಪ್ರಿಂಟುಗಳು ಈಗ ಆನ್‌ಲೈನಿನಲ್ಲಿ ಧಾರಾಳವಾಗಿ ಸಿಗುತ್ತವೆ. ಗುಲಾಬಿ, ಹಳದಿ, ಕಣ್ಣು ಕುಕ್ಕುವ ನೀಲಿ. ಕೆನ್ನೆಯ ಮೇಲೆ ಅಚ್ಚಿನ ಚುಕ್ಕೆಗಳು. ಮಧ್ಯದಲ್ಲಿ ಅಲೆಕ್ ಗಿನ್ನೆಸ್‌ನ ಹಲ್ಲು. ಬಾಡಿಗೆ ಮನೆಯ ಬೋಳು ಗೋಡೆಗೆ ಚೆನ್ನಾಗಿಯೇ ಒಪ್ಪುತ್ತವೆ. ಆದರೆ ಇವುಗಳಲ್ಲಿ ಹೆಚ್ಚಿನವು ನಗಿಸುವುದಿಲ್ಲ. ಹಾಸ್ಯಚಿತ್ರದ ಪೋಸ್ಟರಿನಿಂದ ಹುಟ್ಟಿದ್ದು ನಗಿಸದಿದ್ದರೆ ಎಲ್ಲಿ ಏನು ಕಳೆಯಿತು ಎಂದು ಕೇಳಲೇಬೇಕು.

ಮೂಲ ಪೋಸ್ಟರುಗಳಿಂದಲೇ ಶುರುಮಾಡೋಣ. ಲಂಡನ್ನಿನ ಪಶ್ಚಿಮ ಭಾಗದ ಈಲಿಂಗ್ ಸ್ಟುಡಿಯೋವನ್ನು ಮೈಕೆಲ್ ಬಾಲ್ಕನ್ ನಡೆಸುತ್ತಿದ್ದ ಕಾಲವದು. ಅಲ್ಲಿ ಜಾಹೀರಾತು ನೋಡಿಕೊಳ್ಳುತ್ತಿದ್ದ ಎಸ್. ಜಾನ್ ವುಡ್ಸ್ ತಾರೆಯರ ಮುಖಗಳನ್ನು ಪೇರಿಸುವ ರೂಢಿಯನ್ನು ಬಿಟ್ಟು, ಹೆಸರಾಂತ ಕಲಾವಿದರಿಂದಲೇ ಪೋಸ್ಟರ್ ಬರೆಸಿದ. ಜಾನ್ ಪೈಪರ್, ಎಡ್ವರ್ಡ್ ಆರ್ಡಿಜೋನ್ ಬರೆದರು. 1951ರ ‘ದಿ ಲ್ಯಾವೆಂಡರ್ ಹಿಲ್ ಮಾಬ್’ಗೆ ರೊನಾಲ್ಡ್ ಸರ್ಲ್, 1953ರ ‘ದಿ ಟಿಟ್‌ಫೀಲ್ಡ್ ಥಂಡರ್‌ಬೋಲ್ಟ್’ಗೆ ಎಡ್ವರ್ಡ್ ಬಾಡೆನ್, 1955ರ ‘ದಿ ಲೇಡಿಕಿಲ್ಲರ್ಸ್’ಗೆ ರೆಜಿನಾಲ್ಡ್ ಮೌಂಟ್. ಸರ್ಲ್ ಜಪಾನೀಯರ ಯುದ್ಧಕೈದಿಯಾಗಿದ್ದು, ಶಿಬಿರದಲ್ಲಿ ಕದ್ದು ಚಿತ್ರ ಬರೆದು ಬಚ್ಚಿಟ್ಟು ಉಳಿಸಿಕೊಂಡು ಬಂದವನು. ಅವನ ಗೆರೆಯ ತಮಾಷೆಯಲ್ಲಿ ಒಂದು ಮುಳ್ಳು ಇದ್ದೇ ಇರುತ್ತದೆ. ಬ್ರಿಟನ್ನಿನಲ್ಲಿ ಯುದ್ಧಕಾಲದ ಪಡಿತರ ಪೂರ್ತಿ ಮುಗಿದದ್ದು 1954ರಲ್ಲಿ. ಅಂದರೆ ಈ ಪೋಸ್ಟರುಗಳಲ್ಲಿ ಹಲವನ್ನು ನೋಡಿದವರ ಕಿಸೆಯಲ್ಲಿ ಇನ್ನೂ ಪಡಿತರ ಪುಸ್ತಕವಿತ್ತು.

ಪಾಪ್ ಆರ್ಟ್ ಇಂಥದ್ದನ್ನು ಮುಟ್ಟಬಾರದು ಎಂಬುದು ನನ್ನ ತಕರಾರಲ್ಲ. ಅದು ಹುಟ್ಟಿದ್ದೇ ಎರವಲು ಸರಕಿನಿಂದ. 1956ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯ ಪ್ರದರ್ಶನಕ್ಕಾಗಿ ರಿಚರ್ಡ್ ಹ್ಯಾಮಿಲ್ಟನ್ ಪತ್ರಿಕೆಗಳ ಚಿತ್ರ ಕತ್ತರಿಸಿ ಅಂಟಿಸಿದ. 1962ರಲ್ಲಿ ವಾರ್‌ಹೋಲ್ ‘ನಯಾಗರಾ’ ಚಿತ್ರದ ಒಂದು ಪ್ರಚಾರ ಫೋಟೊ ಹಿಡಿದು ಮರ್ಲಿನ್ ಮನ್ರೋಳನ್ನು ಸಾಲುಸಾಲಾಗಿ ಅಚ್ಚು ಹಾಕಿದ. ಅಚ್ಚಾದ ಮುಖ ನಿಜವಾದ ಹೆಂಗಸನ್ನು ನುಂಗಿಹಾಕಿತು ಎಂಬುದು ಅಲ್ಲಿ ಕಾಣುತ್ತದೆ. ಚಪ್ಪಟೆತನವೇ ಆ ಚಿತ್ರದ ವಿಷಯ. ಈಗಿನ ಪ್ರಿಂಟುಗಳಲ್ಲಿ ಚಪ್ಪಟೆತನ ಬರೀ ಅಲಂಕಾರ.

1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’ ತೆಗೆದುಕೊಳ್ಳಿ. ಗಿನ್ನೆಸ್ ಒಬ್ಬನೇ ಡ್ಯಾಸ್ಕಾಯ್ನ್ ವಂಶದ ಎಂಟು ಮಂದಿಯಾಗಿ ಬರುತ್ತಾನೆ. ಪಾದ್ರಿ, ಅಡ್ಮಿರಲ್, ಒಬ್ಬ ಲೇಡಿ ಕೂಡ. ಚರ್ಚಿನ ಒಂದೇ ಶಾಟಿನಲ್ಲಿ ಆರು ಮಂದಿ ಕೂತಿದ್ದಾರೆ. ಛಾಯಾಗ್ರಾಹಕ ಡಗ್ಲಸ್ ಸ್ಲೊಕೋಂಬ್ ಕ್ಯಾಮೆರಾ ಕದಲದಂತೆ ನಿಲ್ಲಿಸಿ, ಫಿಲ್ಮನ್ನು ಮತ್ತೆ ಮತ್ತೆ ಹಿಂದಕ್ಕೆ ಸುತ್ತಿ ತೆಗೆದದ್ದು ಅದು. ಎಂಟು ಮುಖ, ಎಂಟು ಚೌಕ, ಎಂಟು ಬಣ್ಣ ಎಂದರೆ ಪಾಪ್ ಪ್ರಿಂಟಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಸಿನಿಮಾದಲ್ಲಿ ಎಲ್ಲರಿಗೂ ಒಂದೇ ಮುಖವಿರುವುದಕ್ಕೆ ಅರ್ಥವಿದೆ. ಇಟಾಲಿಯನ್ ಗಾಯಕನನ್ನು ಮದುವೆಯಾದಳೆಂದು ಮಗಳನ್ನು ಹೊರಹಾಕಿ, ಸತ್ತ ಮೇಲೂ ಮನೆತನದ ಸಮಾಧಿಗೆ ಸೇರಿಸಿಕೊಳ್ಳದ ವಂಶ ಅದು. ಅವಳ ಮಗ ಲೂಯಿಗೆ ಆ ಮನೆತನದಲ್ಲಿ ಎತ್ತ ನೋಡಿದರೂ ಅದೇ ಮುಖ. ಪ್ರಿಂಟಿನಲ್ಲಿ ಎಂಟೂ ಮುಖಗಳನ್ನು ಇಟ್ಟು ಲೂಯಿಯನ್ನು ಬಿಟ್ಟರೆ, ಬಾಗಿಲ ಹೊರಗೆ ನಿಂತವನೇ ಇಲ್ಲ. ಆಮೇಲೆ ಉಳಿಯುವುದು ವೇಷಗಳ ಪಟ್ಟಿ.

‘ಲ್ಯಾವೆಂಡರ್ ಹಿಲ್ ಮಾಬ್’ನ ಗತಿಯೂ ಇದೇ, ನಮಗೆ ಇನ್ನೂ ಹತ್ತಿರದ ಕಥೆ. ಗಿನ್ನೆಸ್ ಇಲ್ಲಿ ಬ್ಯಾಂಕಿನ ಗುಮಾಸ್ತ ಹಾಲೆಂಡ್. ವಾಸ ಬೋರ್ಡಿಂಗ್ ಮನೆಯಲ್ಲಿ, ಕೆಲಸ ವರ್ಷಗಟ್ಟಲೆ ಬೇರೆಯವರ ಚಿನ್ನದ ಗಟ್ಟಿಗಳಿಗೆ ಕಾವಲು, ಸಂಬಳ ಅಷ್ಟಕ್ಕಷ್ಟೆ. ಮುಂಬೈ, ಪುಣೆಯ ಪಿಜಿ ಕೋಣೆಯಲ್ಲಿ ಕೂತು ಬೇರೆಯವರ ಕೋಟಿಗಳ ಲೆಕ್ಕ ಟ್ಯಾಲಿ ಮಾಡುವವರಿಗೆ ಇವನ ಪರಿಚಯ ಮಾಡಿಕೊಡಬೇಕಿಲ್ಲ. ಅದೇ ಮನೆಗೆ ಬಂದ, ಸ್ಮರಣಿಕೆ ತಯಾರಿಸುವ ಪೆಂಡಲ್‌ಬರಿಯ ಜೊತೆ ಸೇರಿ ಅವನು ಚಿನ್ನವನ್ನು ಕದ್ದು ಕರಗಿಸಿ, ಐಫೆಲ್ ಟವರಿನ ಅಗ್ಗದ ಗೊಂಬೆಗಳಾಗಿ ಎರಕ ಹೊಯ್ದು ಪ್ಯಾರಿಸಿಗೆ ಕಳಿಸುತ್ತಾನೆ. ಅವುಗಳಲ್ಲಿ ಆರು ತಪ್ಪಿ ಇಂಗ್ಲಿಷ್ ಶಾಲಾ ಹುಡುಗಿಯರಿಗೆ ಮಾರಾಟವಾಗುತ್ತವೆ. ಪ್ರಿಂಟಿನ ಹಾಲೆಂಡ್ ಮಾತ್ರ ಬೌಲರ್ ಟೊಪ್ಪಿಯ, ಕನ್ನಡಕದ, ಖುಷಿಯ ‘ವಿಂಟೇಜ್’ ಮನುಷ್ಯ. ಅವನ ಬಾಡಿಗೆ ಕೋಣೆ, ವರ್ಷಗಳ ಕಾಯುವಿಕೆ, ಆಸೆ ಯಾವುದೂ ಅಲ್ಲಿಲ್ಲ. ಸಿನಿಮಾದಲ್ಲಿ ಚಿನ್ನ ಅಗ್ಗದ ಸ್ಮರಣಿಕೆಯ ವೇಷ ಹಾಕಿತ್ತು. ಇಲ್ಲಿ ಸ್ಮರಣಿಕೆ ಚಿನ್ನದ ವೇಷ ಹಾಕಿದೆ.

ಈ ಪ್ರಕಾರದಲ್ಲಿ ಒಳ್ಳೆಯದು ಸಾಧ್ಯವೇ ಇಲ್ಲವೆಂದಲ್ಲ. ವಾರ್‌ಹೋಲ್ 1962ರಲ್ಲಿ 32 ಸೂಪ್ ಡಬ್ಬಿಗಳನ್ನು ಬರೆದ ಹಾಗೆ, ಯಾರಾದರೂ ಒಂದೇ ಅಚ್ಚಿನ ಐಫೆಲ್ ಗೋಪುರಗಳನ್ನು ಸಾಲಾಗಿ ಅಚ್ಚು ಹಾಕಲಿ. ಎಲ್ಲಕ್ಕೂ ಒಂದೇ ಅಗ್ಗದ ಹಳದಿ ಬಳಿಯಲಿ. ಗಿನ್ನೆಸ್‌ನ ಮುಖ ಬೇಡ. ಅವುಗಳಲ್ಲಿ ಆರು ಚಿನ್ನದವು, ಯಾವುವೆಂದು ಹೇಳಲಾಗದು. ಆಗ ಚುಕ್ಕೆ, ಚಪ್ಪಟೆ ಬಣ್ಣ, ಪುನರಾವರ್ತನೆ ಎಲ್ಲಕ್ಕೂ ಒಂದು ಕೆಲಸ ಸಿಗುತ್ತದೆ. ನೋಡುವವರು ಒಂದೊಂದನ್ನೇ ಅನುಮಾನದಿಂದ ನೋಡುತ್ತಾರೆ. ಹಾಲೆಂಡನ ಎದೆಬಡಿತ ಅವರಿಗೂ ತಗಲುತ್ತದೆ.

ಅಲ್ಲಿಯವರೆಗೆ ಪ್ರಿಂಟು ಕೊಳ್ಳುವವರು ಕೊಳ್ಳಲಿ. ಮೊದಲು ಸಿನಿಮಾ ನೋಡಿ, ಆಮೇಲೆ ಗೋಡೆಯ ಅಳತೆ ತೆಗೆಯಿರಿ.