ತೇಪೆಯ ಒಳಗಿನ ತುಕ್ಕು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರಿನ ಧಕ್ಕೆಗಳಲ್ಲಿ ಬೋಟುಗಳ ವರ್ಷದ ರಿಪೇರಿ ನಡೆಯುವುದು ಆಗಲೇ. ಮೈಗೆ ಬಣ್ಣ, ಪ್ರೊಪೆಲ್ಲರಿಗೆ ಹೊಳಪು, ಬಲೆಗೆ ಹೊಸ ಹಗ್ಗ ಸಿಗುತ್ತವೆ. ಸೈಲೆನ್ಸರಿನ ಪಾಲಿಗೆ ಬರುವುದು ತೇಪೆ: ತೂತಿನ ಮೇಲೆ ತಗಡಿಟ್ಟು ವೆಲ್ಡಿಂಗ್, ಅದರ ಮೇಲೆ ಬಿಸಿ ತಡೆಯುವ ಹಗ್ಗದ ಸುತ್ತು, ಕೊನೆಗೆ ಸಿಲ್ವರ್ ಪೇಂಟ್. ನಡುಸಮುದ್ರದಲ್ಲಿ ಪೈಪು ಒಡೆದಾಗ ದಡ ಸೇರಲು ಈ ತೇಪೆ ಬೇಕೇ ಬೇಕು. ಎರಡು ತಿಂಗಳು ಬಿಡುವಿದ್ದಾಗಲೂ ಅದನ್ನೇ ರಿಪೇರಿ ಎಂದು ಮುಗಿಸುವ ರೂಢಿಯನ್ನು ಮಾತ್ರ ನಾನು ಒಪ್ಪಲಾರೆ.

ಏಕೆಂದರೆ ಇಲ್ಲಿ ತುಕ್ಕು ಹುಟ್ಟುವುದು ಒಳಗಿನಿಂದ. ಒಂದು ಲೀಟರ್ ಡೀಸೆಲ್ ಉರಿದಾಗ, ತಣಿದರೆ ಸುಮಾರು ಒಂದು ಲೀಟರ್ ನೀರಾಗುವಷ್ಟು ಆವಿ ಹೊರಬೀಳುತ್ತದೆ. ಎಂಜಿನ್ ನಿಂತು ಪೈಪು ತಣಿದಾಗ ಅದರಲ್ಲಿ ಒಂದಂಶ ಒಳಗೋಡೆಗೆ ಕೂತು, ಹೊಗೆಯ ಗಂಧಕದೊಡನೆ ಸೇರಿ ಆಮ್ಲವಾಗುತ್ತದೆ. 2020ರಲ್ಲಿ ಬಂದ ಬಿಎಸ್-6 ಡೀಸೆಲಿನಲ್ಲಿ ಗಂಧಕದ ಮಿತಿ ದಶಲಕ್ಷಕ್ಕೆ 10 ಭಾಗ. ಹಿಂದೆ 50 ಇತ್ತು. ಇದರಿಂದ ಆಮ್ಲದ ಕಾಟ ತಗ್ಗಿದೆ. ಆದರೆ ಸಮುದ್ರದ ನೀರಿನ ಪ್ರತಿ ಲೀಟರಿನಲ್ಲೂ ಸುಮಾರು 35 ಗ್ರಾಂ ಉಪ್ಪಿದೆ. ಹೊಗೆಯನ್ನು ತಣಿಸಲು ಹೊಗೆಪೈಪಿನ ಬಾಗು, ಅಂದರೆ ಎಲ್ಬೋದೊಳಗೆ ಕಡಲನೀರು ಬೆರೆಸುವ ಎಂಜಿನ್‌ಗಳಲ್ಲಿ, 400 ಡಿಗ್ರಿ ದಾಟಿದ ಹೊಗೆಗೆ ಆ ಉಪ್ಪುನೀರು ಎದುರಾಗುವ ಜಾಗವೇ ಮೊದಲು ಸಾಯುವುದು.

ಅಂಥದೊಂದು ಎಲ್ಬೋ ಬಿಚ್ಚಿದರೆ ಕಾಣುವುದು ಒದ್ದೆ ಮಸಿಯ ಗಟ್ಟಿ ಹೆಪ್ಪು. ಸ್ಕ್ರೂಡ್ರೈವರಿನಿಂದ ಕೆರೆದರೆ ಹೆಪ್ಪಿನ ಜೊತೆಗೇ ಕಬ್ಬಿಣದ ಹೊಪ್ಪಳೆಗಳು ಏಳುತ್ತವೆ. ನೀರು ಒಳಬರುವ ಬಾಯಿಯ ಬಳಿ ತುದಿ ಸಲೀಸಾಗಿ ಇಳಿಯುತ್ತದೆ. ಮಸಿಯಿಂದ ದಾರಿ ಕಿರಿದಾಗಿ ಎಂಜಿನ್ ಕಪ್ಪು ಹೊಗೆ ಬಿಡುತ್ತದೆ, ಕಾಯುತ್ತದೆ. ಆಗ ಪಂಪಿನ ಇಂಪೆಲ್ಲರ್ ಬದಲಾಗುತ್ತದೆ, ಇಂಜೆಕ್ಟರ್ ಸರ್ವಿಸಿಗೆ ಹೋಗುತ್ತದೆ. ಎಲ್ಬೋವನ್ನು ಯಾರೂ ಮುಟ್ಟುವುದಿಲ್ಲ. ಇದಕ್ಕಿಂತ ಭಯಂಕರವಾದದ್ದು ಹೊರಗೆ ಕಾಣದ ತೂತು. ನೀರಿನ ಕವಚಕ್ಕೂ ಹೊಗೆದಾರಿಗೂ ನಡುವಿನ ಗೋಡೆ ತೂತಾದರೆ, ಎಂಜಿನ್ ನಿಂತ ಮೇಲೆ ನೀರು ಹಿಂದಕ್ಕೆ ಜಿನುಗಿ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ಮರುದಿನ ಸ್ಟಾರ್ಟ್ ಮಾಡಿದಾಗ ಒತ್ತಿದರೆ ಕುಗ್ಗದ ಆ ನೀರು ಕನೆಕ್ಟಿಂಗ್ ರಾಡನ್ನೇ ಬಗ್ಗಿಸಬಲ್ಲದು. ಹೊರಮೈಯ ತೇಪೆ ಈ ಗೋಡೆಯನ್ನು ತಲುಪುವುದೇ ಇಲ್ಲ.

ಸ್ಟೀಲ್ ಹಾಕಿದರೆ ಚಿಂತೆಯಿಲ್ಲ ಎನ್ನುವವರಿದ್ದಾರೆ. ಅದು ಅರ್ಧ ಸರಿ. ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುವ 316 ದರ್ಜೆ ಉಪ್ಪಿನೆದುರು 304ಕ್ಕಿಂತ ಚೆನ್ನಾಗಿ ನಿಲ್ಲುತ್ತದೆ. ಬೆಸುಗೆ ಹಾಕುವುದಿದ್ದರೆ ಇಂಗಾಲ ಕಡಿಮೆಯಿರುವ 316ಎಲ್ ಬೇಕು. ಆದರೆ ಬಿಸಿ ಉಪ್ಪುನೀರಿನಲ್ಲಿ ಇದೂ ಸೂಜಿತೂತು ಬೀಳುತ್ತದೆ, ಬಿರುಕು ಬಿಡುತ್ತದೆ. ದಪ್ಪ ಎರಕದ ಕಬ್ಬಿಣ ಸವೆಯುತ್ತಾ ಸವೆಯುತ್ತಾ ಮುನ್ಸೂಚನೆ ಕೊಡುತ್ತದೆ; ಸ್ಟೀಲ್ ಹೊಳೆಯುತ್ತಲೇ ಕೈಕೊಡುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡುವವರಿಗೆ ಎರಕದ ಎಲ್ಬೋವೇ ವಾಸಿ ಎಂದು ನನ್ನ ಅಭಿಪ್ರಾಯ. ಇನ್ನು ಬೋಟಿನ ಅಡಿಗೆ ಬಡಿದ ಸತುವಿನ ತುಂಡು ಸೈಲೆನ್ಸರನ್ನೂ ಕಾಯುತ್ತದೆ ಎಂಬ ನಂಬಿಕೆ ತಪ್ಪು: ತನ್ನೊಡನೆ ಒಂದೇ ನೀರಿನಲ್ಲಿ ಮುಳುಗಿರುವ ಲೋಹವನ್ನಷ್ಟೇ ಸತು ಕಾಯಬಲ್ಲದು.

ಹೊಗೆಗೆ ನೀರು ಬೆರೆಸದ ಒಣ ಪೈಪಿನ ಬೋಟುಗಳಲ್ಲಿ ನನ್ನ ತಕರಾರು ಆ ಹಗ್ಗದ ಸುತ್ತಿನ ಬಗ್ಗೆ. ಬಿಸಿ ತಡೆಯಲು ಅದು ಬೇಕು, ಆದರೆ ಮಳೆನೀರು ಹೀರಿಕೊಂಡು ಪೈಪಿಗೆ ಅಂಟಿಕೊಂಡೇ ಇರುತ್ತದೆ. ಪೇಂಟ್ ಬಳಿದ ಮೇಲೆ ಬಿಚ್ಚಲು ಯಾರಿಗೂ ಮನಸ್ಸು ಬರುವುದಿಲ್ಲ. ಕೊಕ್ಕೆ ಹಾಕಿ ಬಿಗಿಯುವ, ಬೇಕಾದಾಗ ಕಳಚುವ ಹೊದಿಕೆ ಹೊಲಿಸಿದರೆ, ಪ್ರತಿ ಟ್ರಿಪ್ ಮುಗಿದಾಗ ಡ್ರೈವರ್ ಫ್ಲೇಂಜಿನ ಸುತ್ತ ಮಸಿಗೆರೆ ಮೂಡಿದೆಯೇ ಎಂದು ನೋಡಬಹುದು. ಮೂಡಿದ್ದರೆ, ಅದೇ ಸಂದಿನಿಂದ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಹೊರಬರುತ್ತಿರುತ್ತದೆ. ಎಂಜಿನ್ ರೂಮಿನ ಪಕ್ಕದಲ್ಲೇ ಕಲಾಸಿಗಳು ಮಲಗುತ್ತಾರೆ.